ಊರೊಳಗಿನ ರಸ್ತೆಯಲ್ಲಿ ಕ್ರೂಸ್ ಕಂಟ್ರೋಲ್

ಕ್ರೂಸ್ ಕಂಟ್ರೋಲ್ ಎಂದೊಡನೆ ಹೆದ್ದಾರಿ ನೆನಪಾಗುತ್ತದೆ. ಗಂಟೆಗೆ 80ಕ್ಕೋ 100ಕ್ಕೋ ವೇಗವನ್ನು ನಿಗದಿ ಮಾಡಿ, ಬಲಗಾಲಿಗೆ ಬಿಡುವು ಕೊಟ್ಟು ಸಾಗುವ ಅನುಕೂಲ ಅದು. ಆದರೆ ಶಾಲೆಯ ಮುಂದಿನ ಬೀದಿಯಲ್ಲಿ, ಬಡಾವಣೆಯ ಒಳರಸ್ತೆಯಲ್ಲಿ, ಪೇಟೆಯ ನಡುವೆ 30 ಕಿಲೋಮೀಟರ್ ವೇಗಕ್ಕೆ ಅದೇ ಗುಂಡಿ ಒತ್ತುವವರೂ ಇದ್ದಾರೆ. ವೇಗಮಿತಿ ದಾಟಬಾರದು ಎಂಬುದು ಅವರ ಕಾಳಜಿ, ಅದು ಮೆಚ್ಚುವಂಥದ್ದೇ. ಆದರೆ ಊರೊಳಗೆ ಚಾಲಕರಿಗೆ ಬೇಕಿರುವುದು ಇಷ್ಟಕ್ಕಿಂತ ಮೇಲೆ ಹೋಗಬೇಡ ಎನ್ನುವ ಗೆರೆ. ಕ್ರೂಸ್ ಕಂಟ್ರೋಲ್ ಅದರ ಜೊತೆಗೆ ಇಷ್ಟಕ್ಕಿಂತ ಕೆಳಗೂ ಇಳಿಯಬೇಡ ಎನ್ನುವ ಕೆಲಸವನ್ನೂ ಮಾಡುತ್ತದೆ. ಓಣಿಯಲ್ಲಿ ತೊಂದರೆ ಹುಟ್ಟುವುದು ಈ ಎರಡನೆಯ ಭಾಗದಿಂದ.

ಟೀಟರ್ ಕಂಡುಹಿಡಿದದ್ದು

ಈ ಸಾಧನವನ್ನು ಕೊಟ್ಟವರು ಅಮೆರಿಕದ ಇಂಡಿಯಾನಾ ರಾಜ್ಯದ ಎಂಜಿನಿಯರ್ ರಾಲ್ಫ್ ಟೀಟರ್. 1890ರಲ್ಲಿ ಹ್ಯಾಗರ್ಸ್‌ಟೌನ್‌ನಲ್ಲಿ ಹುಟ್ಟಿದ ಅವರು ಐದನೆಯ ವಯಸ್ಸಿನಲ್ಲಿ ಚಾಕುವಿನಿಂದಾದ ಗಾಯದಿಂದ ದೃಷ್ಟಿ ಕಳೆದುಕೊಂಡರು. ಎಂಜಿನಿಯರಿಂಗ್ ಓದಿ, ಪಿಸ್ಟನ್ ರಿಂಗ್ ತಯಾರಿಸುವ ಪರ್ಫೆಕ್ಟ್ ಸರ್ಕಲ್ ಕಂಪನಿಯನ್ನು ಮುನ್ನಡೆಸಿದರು. 1936ರಲ್ಲಿ ಅಮೆರಿಕದ ಆಟೊಮೋಟಿವ್ ಎಂಜಿನಿಯರುಗಳ ಸಂಘದ ಅಧ್ಯಕ್ಷರೂ ಆದರು. ತಮ್ಮ ಪೇಟೆಂಟ್ ವಕೀಲ ಹ್ಯಾರಿ ಲಿಂಡ್ಸೆ ಕಾರು ಓಡಿಸುವಾಗ ಟೀಟರ್ ಪಕ್ಕದಲ್ಲಿ ಕೂರುತ್ತಿದ್ದರು. ಲಿಂಡ್ಸೆ ಮಾತಾಡುವಾಗ ಕಾರು ನಿಧಾನವಾಗುತ್ತಿತ್ತು, ಕೇಳಿಸಿಕೊಳ್ಳುವಾಗ ವೇಗ ಪಡೆಯುತ್ತಿತ್ತು. ಆ ಎಳೆದಾಟ ಟೀಟರ್ ಅವರನ್ನು ಕಾಡಿತು. ಎರಡನೇ ಮಹಾಯುದ್ಧದ ಕಾಲದಲ್ಲಿ ಟೈರು, ಇಂಧನ ಉಳಿಸಲು ಅಮೆರಿಕದಲ್ಲಿ ಗಂಟೆಗೆ 35 ಮೈಲಿಯ, ಅಂದರೆ ಸುಮಾರು 56 ಕಿಲೋಮೀಟರಿನ ಮಿತಿ ಜಾರಿಯಾದದ್ದೂ ಅವರ ಕೆಲಸಕ್ಕೆ ಕಾರಣವಾಯಿತು.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಟೀಟರ್ ಮೊದಲು ಮಾಡಿದ ಯಂತ್ರ ವೇಗವನ್ನು ಹಿಡಿದಿಡುತ್ತಿರಲಿಲ್ಲ. ಚಾಲಕರು ಡ್ಯಾಶ್‌ಬೋರ್ಡಿನಲ್ಲಿ ಒಂದು ವೇಗ ಆರಿಸಿದರೆ, ಕಾರು ಅಷ್ಟು ವೇಗ ಮುಟ್ಟಿದೊಡನೆ ಆಕ್ಸಿಲರೇಟರ್ ಪೆಡಲ್ ಪಾದವನ್ನು ಹಿಂದಕ್ಕೆ ತಳ್ಳುತ್ತಿತ್ತು. ಗೆರೆ ಬಂತು ಎಂದು ಪಾದಕ್ಕೆ ತಿಳಿಸುವ ಏರ್ಪಾಡು ಅದು, ಅಷ್ಟೇ. ಬ್ರೇಕ್ ಮುಟ್ಟುವ ತನಕ ವೇಗವನ್ನು ತಾನೇ ಹಿಡಿದಿಡುವ ಗುಣ ಆಮೇಲೆ ಸೇರಿತು. 1950ರಲ್ಲಿ ಪೇಟೆಂಟ್ ಸಿಕ್ಕಿತು. 1958ರ ಕ್ರೈಸ್ಲರ್ ಇಂಪೀರಿಯಲ್ ಮುಂತಾದ ಕಾರುಗಳಲ್ಲಿ ಅದು ‘ಆಟೊ ಪೈಲಟ್’ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. ಕ್ರೂಸ್ ಕಂಟ್ರೋಲ್ ಎಂಬುದು ಕ್ಯಾಡಿಲಾಕ್ ಇಟ್ಟ ಹೆಸರು, ಕೊನೆಗೆ ಉಳಿದದ್ದೂ ಅದೇ. ಹೆದ್ದಾರಿಗಳ ಅಮೆರಿಕಕ್ಕೆ ಎರಡನೆಯ ಗುಣವೇ ಹಿಡಿಸಿತು. ಊರೊಳಗಿನ ರಸ್ತೆಗೆ ಒಪ್ಪುತ್ತಿದ್ದ ಮೊದಲನೆಯದು ದಶಕಗಳ ಕಾಲ ಮೂಲೆ ಸೇರಿತು.

ಒಳಗೆ ನಡೆಯುವುದೇನು

ಇಂದಿನ ಬಹುತೇಕ ಕಾರುಗಳಲ್ಲಿ ಪೆಡಲಿಗೂ ಎಂಜಿನ್ನಿಗೂ ನಡುವೆ ಎಳೆಯುವ ಕೇಬಲ್ ಇಲ್ಲ. ಚಕ್ರದ ವೇಗವನ್ನು ಸೆನ್ಸರ್ ಅಳೆಯುತ್ತದೆ. ನಿಗದಿ ಮಾಡಿದ ವೇಗಕ್ಕೂ ನಿಜವಾದ ವೇಗಕ್ಕೂ ಇರುವ ಅಂತರ ನೋಡಿ ಕಂಪ್ಯೂಟರ್ ಥ್ರಾಟಲನ್ನು ತೆರೆಯುತ್ತದೆ ಅಥವಾ ಮುಚ್ಚುತ್ತದೆ. ಏರು ಬಂದರೆ ಹೆಚ್ಚು ಇಂಧನ, ಇಳಿಜಾರು ಬಂದರೆ ಕಡಿಮೆ. ಬ್ರೇಕ್ ಅಥವಾ ಕ್ಲಚ್ ಮುಟ್ಟಿದರೆ ಎಲ್ಲ ರದ್ದು. ಸಾದಾ ಕ್ರೂಸ್ ಕಂಟ್ರೋಲಿನ ಕೈಯಲ್ಲಿರುವುದು ಎಂಜಿನ್ ಮಾತ್ರ, ಬ್ರೇಕ್ ಅಲ್ಲ. ಹಾಗಾಗಿ ಕಡಿದಾದ ಇಳಿಜಾರಿನಲ್ಲಿ 30ಕ್ಕೆ ನಿಗದಿ ಮಾಡಿದ ಕಾರು 40ಕ್ಕೆ ಜಾರಬಹುದು. ವಿದ್ಯುತ್ ಕಾರುಗಳಲ್ಲಿ ಈ ತೊಂದರೆ ಕಡಿಮೆ, ಮೋಟಾರೇ ವೇಗವನ್ನು ಹಿಡಿದು ಬ್ಯಾಟರಿಗೆ ಶಕ್ತಿ ತುಂಬುತ್ತದೆ.

‘ರೆಸ್ಯೂಮ್’ ಗುಂಡಿಯ ಬಗ್ಗೆ ಒಂದು ಎಚ್ಚರಿಕೆ ಅಗತ್ಯ. ಬ್ರೇಕ್ ಒತ್ತಿ ರದ್ದಾದ ಮೇಲೂ ಯಂತ್ರಕ್ಕೆ ಹಳೆಯ ವೇಗ ನೆನಪಿರುತ್ತದೆ. ಹೆದ್ದಾರಿಯಲ್ಲಿ 90ಕ್ಕೆ ನಿಗದಿ ಮಾಡಿ, ಊರಿಗೆ ತಿರುಗಿದ ಮೇಲೆ ಮರೆತು ರೆಸ್ಯೂಮ್ ಒತ್ತಿದರೆ, ಅಂಗಡಿ ಸಾಲಿನ ಮುಂದೆಯೇ ಕಾರು 90ನ್ನು ಹುಡುಕಿಕೊಂಡು ಮುನ್ನುಗ್ಗುತ್ತದೆ.

ಕನಿಷ್ಠ ವೇಗ ಎಂಬ ನಿರ್ಬಂಧ

ಬಹಳಷ್ಟು ಕಾರುಗಳಲ್ಲಿ ಕ್ರೂಸ್ ಕಂಟ್ರೋಲ್ 30 ಅಥವಾ 40 ಕಿಲೋಮೀಟರಿನ ಕೆಳಗೆ ಕೆಲಸ ಮಾಡುವುದಿಲ್ಲ. ಅಮೆರಿಕದ ಅನೇಕ ಕಾರುಗಳಲ್ಲಿ ಆ ಮಿತಿ 25 ಮೈಲಿ. ಕೆಳ ಗೇರಿನಲ್ಲಿ ಥ್ರಾಟಲ್ ತುಸು ಕದಲಿದರೂ ಕಾರು ಕುಲುಕುತ್ತದೆ, ಸಮವೇಗ ಕಾಯುವುದು ಕಷ್ಟ. ಮೇಲಿನ ಗೇರಿನಲ್ಲಿ ಎಂಜಿನ್ ಮುಕ್ಕುತ್ತದೆ. ಕೈಗೇರಿನ ಕಾರಿನಲ್ಲಿ ಪ್ರತಿ ಸಲ ಗೇರ್ ಬದಲಿಸಲು ಕ್ಲಚ್ ಒತ್ತಬೇಕು, ಒತ್ತಿದರೆ ರದ್ದು. ಇವೆಲ್ಲಕ್ಕಿಂತ ದೊಡ್ಡ ಕಾರಣ ಬಳಕೆಯದು. ಅಷ್ಟು ನಿಧಾನವಾಗಿ ಓಡಿಸಬೇಕಾದ ಜಾಗದಲ್ಲಿ ವೇಗವನ್ನು ಯಂತ್ರಕ್ಕೆ ಒಪ್ಪಿಸಬಾರದು ಎಂಬುದು ತಯಾರಕರ ಲೆಕ್ಕ. ದಟ್ಟಣೆಯ ರಸ್ತೆಯಲ್ಲಿ, ತಿರುವುಗಳಲ್ಲಿ, ಜಾರುವ ನೆಲದಲ್ಲಿ ಬಳಸಬೇಡಿ ಎಂದು ಹೆಚ್ಚುಕಡಿಮೆ ಎಲ್ಲ ಕಾರುಗಳ ಕೈಪಿಡಿಯೂ ಹೇಳುತ್ತದೆ.

ವೇಲ್ಸ್‌ನ 20 ಮೈಲಿ

ಊರೊಳಗೆ ನಿಧಾನ ವೇಗವನ್ನು ಕಾಯುವುದು ಹೇಗೆ ಎಂಬುದು ಒಂದು ಇಡೀ ನಾಡಿನ ದಿನನಿತ್ಯದ ಪ್ರಶ್ನೆಯಾದದ್ದು ವೇಲ್ಸ್‌ನಲ್ಲಿ. 2023ರ ಸೆಪ್ಟೆಂಬರ್ 17ರಂದು ಅಲ್ಲಿ ಬೀದಿದೀಪವಿರುವ ಜನವಸತಿ ರಸ್ತೆಗಳ ಸಾಮಾನ್ಯ ಮಿತಿ 30 ಮೈಲಿಯಿಂದ 20ಕ್ಕೆ, ಅಂದರೆ ಸುಮಾರು 32 ಕಿಲೋಮೀಟರಿಗೆ ಇಳಿಯಿತು. ವಿರೋಧ ಜೋರಾಗಿಯೇ ಎದ್ದಿತು. ಸುಮಾರು 31 ಲಕ್ಷ ಜನಸಂಖ್ಯೆಯ ನಾಡಿನಲ್ಲಿ, ನಿಯಮ ರದ್ದು ಮಾಡಿ ಎಂಬ ಮನವಿಗೆ 4.6 ಲಕ್ಷಕ್ಕೂ ಹೆಚ್ಚು ಸಹಿ ಬಿದ್ದವು. ಕೆಲವು ರಸ್ತೆಗಳನ್ನು ಮರಳಿ 30ಕ್ಕೆ ಏರಿಸುವ ಪರಿಶೀಲನೆಯೂ ನಡೆಯಿತು. ಇತ್ತ 20 ಮತ್ತು 30 ಮೈಲಿ ಮಿತಿಯ ರಸ್ತೆಗಳಲ್ಲಿ ಗಾಯ ಮತ್ತು ಸಾವಿನ ಸಂಖ್ಯೆ ಮೊದಲ ವರ್ಷದಲ್ಲಿ ಸುಮಾರು ಕಾಲು ಭಾಗದಷ್ಟು ತಗ್ಗಿತು. ನನ್ನ ಮಟ್ಟಿಗೆ ಈ ಒಂದು ಸಂಗತಿಯೇ ವಾದವನ್ನು ಮುಗಿಸುತ್ತದೆ.

ಚಾಲಕರ ಕಷ್ಟ ಸುಳ್ಳಲ್ಲ. 30 ಮೈಲಿಗೆ ಪಳಗಿದ ಪಾದಕ್ಕೆ 20 ತೀರಾ ನಿಧಾನ ಅನ್ನಿಸುತ್ತದೆ. ಗಮನ ಒಂದಿಷ್ಟು ಸರಿದರೆ ಮುಳ್ಳು 25 ದಾಟಿರುತ್ತದೆ. ಸ್ಪೀಡೋಮೀಟರನ್ನೇ ನೋಡುತ್ತಾ ಹೋದರೆ ರಸ್ತೆ ನೋಡುವವರು ಯಾರು ಎಂಬ ಅವರ ಆಕ್ಷೇಪ ನ್ಯಾಯವಾದದ್ದು. ಅದಕ್ಕೆ ಕಂಡ ಸುಲಭ ಉತ್ತರವೇ ಕ್ರೂಸ್ ಕಂಟ್ರೋಲ್.

ವೇಲ್ಸ್ ಒಂಟಿಯಲ್ಲ. ಆಸ್ಟ್ರಿಯಾದ ಗ್ರಾಟ್ಸ್ ನಗರ 1992ರಲ್ಲೇ ಮುಖ್ಯರಸ್ತೆ ಬಿಟ್ಟು ಉಳಿದೆಡೆ 30 ಕಿಲೋಮೀಟರ್ ಮಿತಿ ತಂದಿತ್ತು. ಸ್ಪೇನ್ 2021ರ ಮೇ ತಿಂಗಳಿಂದ ಊರೊಳಗೆ ದಿಕ್ಕಿಗೊಂದು ಲೇನ್ ಇರುವ ರಸ್ತೆಗಳಿಗೆ ಅದೇ ಮಿತಿ ಹಾಕಿತು. ರಸ್ತೆ ಸುರಕ್ಷತೆಯ ಕುರಿತ 2020ರ ಸ್ಟಾಕ್‌ಹೋಮ್ ಘೋಷಣೆ, ಪಾದಚಾರಿಗಳೂ ಸೈಕಲ್ ಸವಾರರೂ ವಾಹನಗಳ ಜೊತೆ ಬೆರೆಯುವ ಕಡೆ ಗರಿಷ್ಠ ವೇಗ 30 ಇರಲಿ ಎಂದು ಜಗತ್ತಿಗೇ ಕರೆ ಕೊಟ್ಟಿತು.

ಪಾದ ಎಲ್ಲಿರುತ್ತದೆ

ಬ್ರಿಟನ್ನಿನ ಹೈವೇ ಕೋಡ್ ಪ್ರಕಾರ 20 ಮೈಲಿ ವೇಗದ ಕಾರು ನಿಲ್ಲಲು 12 ಮೀಟರ್ ಬೇಕು. ಅದರಲ್ಲಿ 6 ಮೀಟರ್ ಚಾಲಕರು ಅಪಾಯ ಅರಿತು ಬ್ರೇಕ್ ಒತ್ತುವಷ್ಟರಲ್ಲಿ ಕಳೆದಿರುತ್ತದೆ, ಉಳಿದ 6 ಬ್ರೇಕಿನ ಕೆಲಸ. 30 ಮೈಲಿ ವೇಗದಲ್ಲಿ ಅದು 23 ಮೀಟರ್. ನಿಧಾನ ವೇಗದಲ್ಲಿ ಒಟ್ಟು ದೂರದ ಅರ್ಧ ಪಾಲು ಚಾಲಕರ ಪ್ರತಿಕ್ರಿಯೆಗೇ ಹೋಗುತ್ತದೆ ಎಂಬುದು ಇಲ್ಲಿನ ಮುಖ್ಯ ಮಾತು. ಬ್ರೇಕ್ ಎಷ್ಟೇ ಚೆನ್ನಾಗಿರಲಿ, ಆ ಅರ್ಧವನ್ನು ಅದು ಕಡಿಮೆ ಮಾಡಲಾರದು.

ಈಗ ಓಣಿಯ ಅಪಾಯ ಬರುವ ರೀತಿ ನೋಡಿ. ಅದು ಒಮ್ಮೆಗೇ ಎದುರು ಬಂದು ನಿಲ್ಲುವುದು ಕಡಿಮೆ. ಮೊದಲು ಸುಳಿವುಗಳು ಬರುತ್ತವೆ. ಗೇಟಿನಿಂದ ಚೆಂಡೊಂದು ಉರುಳುತ್ತದೆ. ನಿಂತ ಕಾರಿನೊಳಗೆ ತಲೆಯೊಂದು ಆಡುತ್ತದೆ, ಅಂದರೆ ಬಾಗಿಲು ತೆರೆಯಬಹುದು. ಮುಂದಿನ ಆಟೊ ಎಡಕ್ಕೆ ವಾಲುತ್ತದೆ. ರಸ್ತೆ ಬದಿಯ ಅಜ್ಜಿ ದಾಟುವುದೋ ಬೇಡವೋ ಎಂದು ನೋಡುತ್ತಿರುತ್ತಾರೆ. ಪಳಗಿದ ಚಾಲಕರ ಪಾದ ಇಂಥ ಪ್ರತಿ ಸುಳಿವಿಗೂ ಆಕ್ಸಿಲರೇಟರಿನಿಂದ ತುಸು ಮೇಲೇಳುತ್ತದೆ. ಬ್ರೇಕ್ ಒತ್ತುವುದಿಲ್ಲ, ಯೋಚಿಸುವುದೂ ಇಲ್ಲ. ಎಂಜಿನ್ನಿನ ಹಿಡಿತದಿಂದಲೇ 30 ಇದ್ದದ್ದು 26 ಆಗುತ್ತದೆ, ಸುಳಿವು ಸುಳ್ಳಾದರೆ ಮತ್ತೆ 30. ಊರೊಳಗಿನ ಸುರಕ್ಷಿತ ಚಾಲನೆಯ ಬಹುಪಾಲು ಇರುವುದು ಈ ಸಣ್ಣ ಏಳುಬೀಳುಗಳಲ್ಲಿ.

ಕ್ರೂಸ್ ಕಂಟ್ರೋಲ್ ತೆಗೆದುಹಾಕುವುದು ಸರಿಯಾಗಿ ಇದನ್ನೇ. ಅದರೆದುರು ಚಾಲಕರ ಪಾದಕ್ಕೆ ಎರಡೇ ದಾರಿ: ಬ್ರೇಕ್ ಮುಟ್ಟಿ ಪೂರ್ತಿ ರದ್ದು ಮಾಡುವುದು, ಇಲ್ಲವೇ ಏನೂ ಮಾಡದಿರುವುದು. ರದ್ದಾದರೆ ಮತ್ತೆ ನಿಗದಿ ಮಾಡಬೇಕಲ್ಲ ಎಂಬ ಸಣ್ಣ ಉದಾಸೀನ ಮನಸ್ಸಿನಲ್ಲಿ ಸೇರಿಕೊಳ್ಳುತ್ತದೆ. ಸುಳಿವಿಗೆ ಸ್ಪಂದಿಸಬೇಕಾದ ಕಾಲು ಖಚಿತ ಅಪಾಯಕ್ಕಾಗಿ ಕಾಯತೊಡಗುತ್ತದೆ. ಆ ಕಾಲು ನೆಲದ ಮೇಲೆ ಹಾಯಾಗಿ ಚಾಚಿದ್ದರೆ, ಬ್ರೇಕ್ ಹುಡುಕಲು ಇನ್ನೊಂದಿಷ್ಟು ಹೊತ್ತು. 30 ಕಿಲೋಮೀಟರ್ ವೇಗದಲ್ಲಿ ಅರ್ಧ ಸೆಕೆಂಡ್ ತಡವಾದರೆ ಕಾರು 4 ಮೀಟರಿಗಿಂತ ಹೆಚ್ಚು ಮುಂದೆ ಹೋಗಿರುತ್ತದೆ. ನಮ್ಮಲ್ಲಿ ಮಾರಾಟವಾಗುವ ಸಣ್ಣ ಕಾರುಗಳ ಇಡೀ ಉದ್ದ ಅಷ್ಟಿಲ್ಲ.

ಕ್ರೂಸ್ ಪರವಾದ ವಾದವನ್ನೂ ಹೇಳಬೇಕು. ಯಂತ್ರ ವೇಗ ಕಾಯುತ್ತಿದ್ದರೆ ಬಲಪಾದವನ್ನು ಬ್ರೇಕಿನ ಮೇಲೆಯೇ ಸಿದ್ಧವಾಗಿ ಹಿಡಿಯಬಹುದು. ಹಾಗೆ ಹಿಡಿದವರು ಆಕ್ಸಿಲರೇಟರ್ ಮೇಲೆ ಪಾದ ಇಟ್ಟವರಿಗಿಂತ ಬೇಗ ನಿಲ್ಲಿಸುತ್ತಾರೆ, ಇದು ನಿಜ. ಅಗಲವಾದ, ನೇರವಾದ, ಬೆಳಗಿನ ಹೊತ್ತು ಖಾಲಿ ಇರುವ ಕ್ಯಾಂಪಸ್ ರಸ್ತೆಯಲ್ಲಿ ಇದನ್ನು ನಾನೂ ಒಪ್ಪುತ್ತೇನೆ. ಆದರೆ ಪಾದವನ್ನು ಗಾಳಿಯಲ್ಲಿ ಹಿಡಿದು ಕೂರಲು ಕಣಕಾಲು ಬಹಳ ಹೊತ್ತು ಒಪ್ಪುವುದಿಲ್ಲ. ಸ್ವಲ್ಪ ಹೊತ್ತಿಗೆ ಅದು ನೆಲ ಸೇರುತ್ತದೆ.

ಸ್ಪೀಡ್ ಲಿಮಿಟರ್

ಟೀಟರ್ ಅವರ ಮೊದಲ ಕಲ್ಪನೆ ಮರಳಿ ಬಂದಿರುವುದು ಇಲ್ಲಿ. ಯುರೋಪಿನ ಅನೇಕ ಕಾರುಗಳಲ್ಲಿ ಕ್ರೂಸ್ ಗುಂಡಿಯ ಪಕ್ಕದಲ್ಲೇ ಲಿಮಿಟರ್ ಗುಂಡಿಯೂ ಇರುತ್ತದೆ. 30ಕ್ಕೆ ನಿಗದಿ ಮಾಡಿದರೆ ಕಾರು ಎಂದಿನಂತೆ ಪಾದದ ಮಾತು ಕೇಳುತ್ತದೆ. ಒತ್ತಿದರೆ ಓಡುತ್ತದೆ, ಎತ್ತಿದರೆ ನಿಧಾನವಾಗುತ್ತದೆ. 30 ಮುಟ್ಟಿದ ಮೇಲೆ ಮಾತ್ರ ಇನ್ನಷ್ಟು ಒತ್ತಿದರೂ ಏರುವುದಿಲ್ಲ. ತುರ್ತಿದ್ದರೆ ಪೆಡಲನ್ನು ಪೂರ್ತಿ ಕೆಳಗೆ ತುಳಿದರೆ ಮಿತಿ ಬಿಟ್ಟುಕೊಡುತ್ತದೆ. ಬ್ರೇಕ್ ಒತ್ತಿದರೂ ಲಿಮಿಟರ್ ರದ್ದಾಗದು, ಮತ್ತೆ ಮತ್ತೆ ನಿಗದಿ ಮಾಡುವ ಕಿರಿಕಿರಿ ಇಲ್ಲ. ಕಣ್ಣು ಸ್ಪೀಡೋಮೀಟರ್ ಬಿಟ್ಟು ರಸ್ತೆಯ ಮೇಲಿರುತ್ತದೆ, ಪಾದವೂ ಜಾಗೃತವಾಗಿರುತ್ತದೆ. ವೇಲ್ಸ್‌ನ ಚಾಲಕರ ಆಕ್ಷೇಪಕ್ಕೆ ಸರಿಯಾದ ಉತ್ತರ ಇದು.

ಯುರೋಪಿಯನ್ ಒಕ್ಕೂಟ ಇನ್ನೊಂದು ಹೆಜ್ಜೆ ಮುಂದೆ ಹೋಗಿದೆ. 2024ರ ಜುಲೈ 7ರಿಂದ ಅಲ್ಲಿ ಮಾರಾಟವಾಗುವ ಪ್ರತಿ ಹೊಸ ಕಾರಿನಲ್ಲೂ ರಸ್ತೆಯ ವೇಗಮಿತಿಯನ್ನು ತಾನೇ ಗುರುತಿಸಿ ಎಚ್ಚರಿಸುವ ವ್ಯವಸ್ಥೆ ಕಡ್ಡಾಯ. ಕ್ಯಾಮೆರಾದಿಂದ ಫಲಕ ಓದಿ, ನಕ್ಷೆಯ ಮಾಹಿತಿಯನ್ನೂ ಸೇರಿಸಿ ಅದು ಕೆಲಸ ಮಾಡುತ್ತದೆ. ಚಾಲಕರು ಅದನ್ನು ಮೀರಬಹುದು, ಆರಿಸಲೂಬಹುದು.

ಅಂತರ ಕಾಯುವ ಕ್ರೂಸ್

ಅಡಾಪ್ಟಿವ್ ಕ್ರೂಸ್ ಕಂಟ್ರೋಲ್ ಮುಂದಿನ ವಾಹನವನ್ನು ರೇಡಾರ್ ಅಥವಾ ಕ್ಯಾಮೆರಾದಿಂದ ನೋಡಿ ಅಂತರ ಕಾಯುತ್ತದೆ, ಬ್ರೇಕನ್ನೂ ಹಾಕುತ್ತದೆ. 1999ರಲ್ಲಿ ಮರ್ಸಿಡಿಸ್ ಎಸ್-ಕ್ಲಾಸ್‌ಗೆ ರೇಡಾರ್ ಆಧಾರಿತ ಡಿಸ್ಟ್ರಾನಿಕ್ ಬಂತು. 2005ರ ಆವೃತ್ತಿ ಕಾರನ್ನು ಪೂರ್ತಿ ನಿಲ್ಲಿಸುವಷ್ಟು ಬೆಳೆಯಿತು. ಸಾಲುಗಟ್ಟಿ ತೆವಳುವ ಹೆದ್ದಾರಿ ಟ್ರಾಫಿಕ್ಕಿಗೆ ಅದು ದೊಡ್ಡ ಉಪಕಾರ. ಊರ ಬೀದಿಗೆ ಅದರ ತಿಳಿವಳಿಕೆ ಸಾಲದು. ಅದು ಹುಡುಕುವುದು ತನ್ನ ಲೇನಿನಲ್ಲಿ, ತನ್ನ ದಿಕ್ಕಿನಲ್ಲಿ ಹೋಗುವ ವಾಹನವನ್ನು. ಅಡ್ಡಬೀದಿಯಿಂದ ನುಗ್ಗುವ ಸೈಕಲ್, ತಿರುವಿನಾಚೆ ನಿಂತ ಲಾರಿ, ಕೆಂಪು ದೀಪ ಅದರ ಲೆಕ್ಕಕ್ಕೆ ಸಿಗುವುದೇ ಅನುಮಾನ. ಮುಂದಿನ ಕಾರು ಪಕ್ಕಕ್ಕೆ ತಿರುಗಿ ಹೋದ ಕೂಡಲೇ ದಾರಿ ಖಾಲಿಯಾಯಿತೆಂದು ವೇಗ ಹೆಚ್ಚಿಸುವುದೂ ಇದರ ಸ್ವಭಾವ, ಅಲ್ಲಿ ಯಾರಾದರೂ ರಸ್ತೆ ದಾಟುತ್ತಿದ್ದರೂ ಸರಿಯೇ.

ನಮ್ಮ ರಸ್ತೆಗಳಲ್ಲಿ

ಭಾರತದಲ್ಲಿ 2019ರ ಜುಲೈಯಿಂದ ಹೊಸ ಕಾರುಗಳಿಗೆ ವೇಗದ ಎಚ್ಚರಿಕೆಯ ಸದ್ದು ಕಡ್ಡಾಯ. ಅದು ಮೊದಲು ಕೂಗುವುದು 80 ದಾಟಿದಾಗ. ಬೆಂಗಳೂರಿನ ಬಡಾವಣೆಯಲ್ಲಿ, ಹುಬ್ಬಳ್ಳಿಯ ಪೇಟೆಯಲ್ಲಿ 60ರಲ್ಲಿ ಹೋಗುವ ಕಾರಿಗೆ ಅದರಿಂದ ಯಾವ ಎಚ್ಚರಿಕೆಯೂ ಇಲ್ಲ. ಸಾಧಾರಣ ಬೆಲೆಯ ಕಾರುಗಳಲ್ಲೂ ಈಗ ಕ್ರೂಸ್ ಕಂಟ್ರೋಲ್ ಬಂದಿದೆ, ಮಾರಾಟಗಾರರು ಅದನ್ನು ಹೆಮ್ಮೆಯಿಂದ ತೋರಿಸುತ್ತಾರೆ. ಲಿಮಿಟರ್ ಅಷ್ಟಾಗಿ ಕಾಣುವುದಿಲ್ಲ, ಇದ್ದರೂ ಅದರ ಬಗ್ಗೆ ಮಾತಿಲ್ಲ. ನಮ್ಮ ರಸ್ತೆಗೆ ಬೇಕಿದ್ದದ್ದು ಇದರ ತಿರುಗುಮುರುಗು.

ಹಂಪುಗಳ ವಿಷಯವನ್ನೂ ಇಲ್ಲೇ ಹೇಳಬೇಕು. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾನದಂಡದ ಹಂಪ್ 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ ಇರಬೇಕು, ಅದನ್ನು 25 ಕಿಲೋಮೀಟರ್ ವೇಗದಲ್ಲಿ ದಾಟಬಹುದು. ನಮ್ಮ ಬೀದಿಗಳಲ್ಲಿ ಬಣ್ಣ ಮಾಸಿದ, ಫಲಕವಿಲ್ಲದ, ಗೋಡೆಯಂತೆ ಎದ್ದ ಹಂಪುಗಳು ಎಷ್ಟಿಲ್ಲ! 30ಕ್ಕೆ ನಿಗದಿಯಾದ ಯಂತ್ರಕ್ಕೆ ಹಂಪ್ ಕಾಣುವುದಿಲ್ಲ. ಕಂಡದ್ದು ಚಾಲಕರ ಕಣ್ಣಿಗೆ, ಸ್ಪಂದಿಸಬೇಕಾದದ್ದು ಅವರ ಕಾಲು.

ದ್ವಿಚಕ್ರ ವಾಹನಗಳಿಗೂ ಕ್ರೂಸ್ ಕಂಟ್ರೋಲ್ ಬರುತ್ತಿದೆ. ಬೆಂಗಳೂರಿನ ಏಥರ್ ಎನರ್ಜಿ 2025ರಲ್ಲಿ ತನ್ನ ಸ್ಕೂಟರಿಗೆ ಗಂಟೆಗೆ 10 ಕಿಲೋಮೀಟರಿನಿಂದಲೇ ಶುರುವಾಗುವ ಕ್ರೂಸ್ ಕಂಟ್ರೋಲ್ ಪ್ರಕಟಿಸಿತು, ಅದೂ ನಗರದ ಓಡಾಟವನ್ನೇ ಗುರಿಯಾಗಿಟ್ಟುಕೊಂಡು. ಸ್ಕೂಟರ್ ಸವಾರರ ಕೈಬೆರಳು ಬ್ರೇಕಿನ ಹತ್ತಿರವೇ ಇರುವುದರಿಂದ ಕಾರಿನಷ್ಟು ವಿಳಂಬ ಇಲ್ಲಿ ಆಗದು. ಆದರೂ ಹಿಡಿ ಸಡಿಲಿಸಿದೊಡನೆ ನಿಧಾನವಾಗುವ ವಾಹನವೇ ಸಂದಿಯಲ್ಲಿ ಸುರಕ್ಷಿತ ಎಂಬ ನನ್ನ ಅಭಿಪ್ರಾಯ ಬದಲಾಗಿಲ್ಲ.

ನಿಮ್ಮ ಕಾರಿನ ಕೈಪಿಡಿಯನ್ನು ಒಮ್ಮೆ ತೆರೆದು ಲಿಮಿಟರ್ ಇದೆಯೇ ನೋಡಿ. ಇದ್ದರೆ ಖಾಲಿ ರಸ್ತೆಯಲ್ಲಿ ಅಭ್ಯಾಸ ಮಾಡಿಕೊಂಡು ಊರೊಳಗೆ ಅದನ್ನೇ ಬಳಸಿ. ಇಲ್ಲದಿದ್ದರೆ ಹೆದ್ದಾರಿ ಬಿಟ್ಟು ಊರಿಗೆ ತಿರುಗುವ ಮೊದಲು ಕ್ರೂಸ್ ಕಂಟ್ರೋಲನ್ನು ಅದರ ಮುಖ್ಯ ಗುಂಡಿಯಿಂದಲೇ ಆರಿಸಿ. ಹೊಸ ಕಾರು ಕೊಳ್ಳುವಾಗ ಶೋರೂಮಿನಲ್ಲಿ ಲಿಮಿಟರ್ ಇದೆಯೇ ಎಂದು ತಪ್ಪದೆ ಕೇಳಿ. ಕೇಳುವವರು ಹೆಚ್ಚಾದರೆ ಕೊಡುವವರೂ ಹೆಚ್ಚುತ್ತಾರೆ.