ಕುದುರೆ ಬಾಲ, ಹತ್ತಿ ಬಂಡಿ ಮತ್ತು ನಮ್ಮ ಕಾರು: ಕೊಪ್ಪಳದಿಂದ ಕಡಲಿಗೆ

ಹೋದ ವಾರ ನಮ್ಮ ದೋಸ್ತರ ವಾಟ್ಸಾಪ್ ಗ್ರೂಪಿನಲ್ಲಿ ಜಗಳ ಶುರುವಾಯ್ತು. ನಾಲ್ಕು ಜನ, ಒಂದು ಕಾರು, ಐದು ದಿನ ರಜೆ. ಗಂಗಾವತಿಯವನು, "ಸೀದಾ ಗೋವಾ ನಡೀರಿ" ಅಂದ. ಯಲಬುರ್ಗಾದವನು ಡೀಸೆಲ್ ಲೆಕ್ಕ ಹಾಕಿ ಕಳಿಸಿ ಸುಮ್ಮನಾದ. ಕುಷ್ಟಗಿಯವನು ಏನೂ ಅನ್ನಲೇ ಇಲ್ಲ. ನಾನು ಕೊಪ್ಪಳದವನು, ಮೇಲಾಗಿ ಇತಿಹಾಸದ ಹುಚ್ಚು ಬೇರೆ. ಹಂಗಾಗಿ ರೂಟ್ ಹಾಕೋ ಕೆಲಸ ನನ್ನ ತಲೆಗೆ ಬಂತು.

ಮ್ಯಾಪ್ ತೆಗೆದೆ. ಕೊಪ್ಪಳ, ಗದಗ, ಹುಬ್ಬಳ್ಳಿ, ಯಲ್ಲಾಪುರ. ಅರಬೈಲ್ ಘಟ್ಟ ಇಳಿದರೆ ಅಂಕೋಲಾ. ಸುಮಾರು 250 ಕಿಲೋಮೀಟರ್. ಅಲ್ಲಿಂದ ಕಡಲ ದಂಡೆಗುಂಟ ರಾಷ್ಟ್ರೀಯ ಹೆದ್ದಾರಿ 66 ಹಿಡಿದರೆ ಕುಮಟಾ, ಹೊನ್ನಾವರ, ಭಟ್ಕಳ, ಉಡುಪಿ, ಮಂಗಳೂರು. ಈ ಹೆಸರುಗಳನ್ನು ಓದ್ತಾ ಓದ್ತಾ ಬೆರಳು ನಿಂತಿತು. ಇವನ್ನೆಲ್ಲ ನಾನು ಟೂರ್ ರೀಲ್ಸಿನಲ್ಲಿ ಅಲ್ಲ, ವಿಜಯನಗರದ ಪುಸ್ತಕಗಳಲ್ಲಿ ಮೊದಲು ಓದಿದ್ದೆ.

ವಿಜಯನಗರಕ್ಕೆ ಒಂದು ದೊಡ್ಡ ಕೊರತೆ ಇತ್ತು: ಒಳ್ಳೆಯ ಕುದುರೆ. ಯುದ್ಧದ ಕುದುರೆಗಳು ಹೊರ್ಮುಜ್, ಏಡನ್ ಕಡೆಯಿಂದ ಹಡಗಿನಲ್ಲಿ ಬರಬೇಕು. ಅದಕ್ಕೇ ಭಟ್ಕಳ, ಹೊನ್ನಾವರದಂಥ ಬಂದರುಗಳ ಮೇಲೆ ಅರಸರ ಕಣ್ಣು. 1535ರ ಸುಮಾರಿಗೆ ಬರೆದ ಪೋರ್ಚುಗೀಸ್ ಕುದುರೆ ವ್ಯಾಪಾರಿ ಫೆರ್ನಾವ್ ನೂನಿಜ್ ಒಂದು ಮಜಾ ಸಂಗತಿ ಹೇಳ್ತಾನೆ. ಸಾಳುವ ನರಸಿಂಹ ಕುದುರೆಗಳನ್ನು ಸತ್ತಿದ್ದರೂ ಬದುಕಿದ್ದರೂ ಕೊಳ್ತಿದ್ದನಂತೆ, ಸಾವಿರ ಪರ್ದಾವ್‌ಗೆ ಮೂರು. ಸಮುದ್ರದಲ್ಲಿ ಸತ್ತರೆ ಬಾಲ ತಂದು ತೋರಿಸಿದರೆ ಸಾಕು, ಪೂರಾ ರೊಕ್ಕ! ಇವತ್ತಿನ ಯಾವ ಇನ್ಶೂರೆನ್ಸ್ ಕಂಪನಿಯೂ ಇಷ್ಟು ಸಲೀಸಾಗಿ ಕ್ಲೇಮ್ ಕೊಡಲಿಕ್ಕಿಲ್ಲ.

ಇನ್ನೊಬ್ಬ ಡೊಮಿಂಗೊ ಪಾಯಸ್. 1520ರ ಸುಮಾರಿಗೆ, ಕೃಷ್ಣದೇವರಾಯನ ಕಾಲದಲ್ಲಿ ಬಂದವನು. ವರ್ಷಕ್ಕೆ ಐದಾರು ಸಾವಿರ ಹೇರೆತ್ತುಗಳು ಭಟ್ಕಳಕ್ಕೆ ಬರ್ತಿದ್ದವು ಅಂತ ಬರೀತಾನೆ. ಹೇರೆತ್ತು ಅಂದ್ರೆ ಬೆನ್ನ ಮೇಲೆ ಮೂಟೆ ಹೊತ್ತು ನಡೆಯೋ ಎತ್ತು. ಘಟ್ಟ, ಕಾಡು ಇದ್ದರೂ ದಾರಿ ಚಲೋ ಇತ್ತು, ಹಾದಿಯುದ್ದಕ್ಕೂ ಹಳ್ಳದ ನೀರು ಸಿಗ್ತಿತ್ತು ಅಂತಾನೆ. ಇನ್ನು ನಮ್ಮ ಗಂಗಾವತಿ ಪಕ್ಕದ ಆನೆಗೊಂದಿಯ ಹರಿಗೋಲನ್ನೂ ಅವನು ಬಿಟ್ಟಿಲ್ಲ. ಬುಟ್ಟಿಯಂಥ ದುಂಡನೆ ದೋಣಿ, ಹೊರಗೆ ಚರ್ಮ, ಹದಿನೈದು ಇಪ್ಪತ್ತು ಜನ ಕೂಡಬಹುದು, ಬೇಕಾದರೆ ಕುದುರೆಯನ್ನೂ ದಾಟಿಸಬಹುದು, ಆದರೆ ನೆಟ್ಟಗೆ ಹೋಗೋದಿಲ್ಲ, ಗಿರಗಿರ ತಿರುಗ್ತಾ ಹೋಗ್ತದೆ ಅಂತ. ಸಣಾಪುರದಲ್ಲಿ ಹರಿಗೋಲು ಹತ್ತಿ ಸೆಲ್ಫಿ ತೆಗೆದವರಿಗೆ ಇದು ಗೊತ್ತೇ ಇರ್ತದೆ.

1565ರಲ್ಲಿ ವಿಜಯನಗರ ಬಿತ್ತು. ಕುದುರೆ ಮಾರ್ಕೆಟ್ ಹೋಯ್ತು. ಆದರೆ ಬಯಲುಸೀಮೆಯಿಂದ ಕಡಲಿಗೆ ಹೊರೆ ಹೋಗೋದು ನಿಲ್ಲಲಿಲ್ಲ.

ಮುನ್ನೂರು ವರ್ಷ ಬಿಟ್ಟು ನೋಡಿದರೆ ಅದೇ ದಂಡೆ ಕಡೆಗೆ ಹತ್ತಿ ಬಂಡಿಗಳು ಹೊರಟಿವೆ. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಗಿ ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿ ಸಿಗದಂತಾಯ್ತು. ಧಾರವಾಡ, ಗದಗ ಕಡೆಯ ಯರಿ ಭೂಮಿಯ ಹತ್ತಿಗೆ ಭಾರಿ ಬೇಡಿಕೆ. ಆ ಹತ್ತಿ ಕುಮಟಾ ಬಂದರಿನಿಂದ ಹಡಗು ಹತ್ತುತ್ತಿತ್ತು, ಅದಕ್ಕೇ ಮಾರ್ಕೆಟ್ಟಿನಲ್ಲಿ ಅದರ ಹೆಸರು 'ಕುಮಟಾ ಹತ್ತಿ'. ಬೆಳೆದವನ ಊರಿನ ಹೆಸರಲ್ಲ, ಸಾಗಿಸಿದ ಬಂದರಿನ ಹೆಸರು! 1862ರಲ್ಲಿ ಉತ್ತರ ಕನ್ನಡ ಜಿಲ್ಲೆಯನ್ನು ಮದ್ರಾಸ್ ಪ್ರಾಂತ್ಯದಿಂದ ಬಿಡಿಸಿ ಮುಂಬೈ ಪ್ರಾಂತ್ಯಕ್ಕೆ ಸೇರಿಸಿದ್ದರ ಹಿಂದೆಯೂ ಈ ಹತ್ತಿ, ಕಾರವಾರ ಬಂದರಿನ ಲೆಕ್ಕಾಚಾರ ಇತ್ತು.

ಕೊಪ್ಪಳ ಮಾತ್ರ ಆಗ ನಿಜಾಮರ ಸೀಮೆ. ಗದಗಿನ ಕಡೆ ಹೊರಟರೆ ಬೇರೆ ಸರ್ಕಾರ. ಈ ಗಡಿ 1956ರವರೆಗೂ ಒಂದಲ್ಲ ಒಂದು ರೂಪದಲ್ಲಿ ಇತ್ತು.

1876ರಿಂದ 78ರ ದೊಡ್ಡ ಬರದಲ್ಲಿ ಈ ದೂರದ ಬೆಲೆ ಗೊತ್ತಾಯ್ತು. ಮೇವಿಲ್ಲದೆ ಎತ್ತು ಸತ್ತವು. ಎತ್ತು ಸತ್ತ ಮೇಲೆ ಧಾನ್ಯ ತರೋ ಬಂಡಿ ಎಲ್ಲಿಂದ ಬರಬೇಕು? ಆಮೇಲೆ 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಬಂತು. ನಮ್ಮ ಕೊಪ್ಪಳ ಸ್ಟೇಷನ್ ಇರೋದು ಆ ಲೈನಿನ ಮೇಲೆಯೇ, ಅದರ ಪಶ್ಚಿಮದ ತುದಿ ಗೋವಾದ ಮಾರ್ಮಗೋವಾ ಬಂದರಿಗೆ ಕೂಡಿತು. ಅಂದ್ರೆ ನಮ್ಮ ಗಂಗಾವತಿ ದೋಸ್ತನ 'ಸೀದಾ ಗೋವಾ'ಕ್ಕೂ ಇತಿಹಾಸ ಐತಿ, ಒಪ್ಪಿದೆ.

ಇಷ್ಟೆಲ್ಲ ಗ್ರೂಪಿಗೆ ವಾಯ್ಸ್ ನೋಟ್ ಮಾಡಿ ಹಾಕಿದೆ. ರಾತ್ರಿ ಕುಷ್ಟಗಿಯವನು ಫೋನ್ ಮಾಡಿದ. "ಐದನೂರು ವರ್ಷದ್ದು ಹೇಳಿದಿ, ನಮ್ಮಪ್ಪಂದು ಬಿಟ್ಟಿ" ಅಂದ.

ಮಾತು ನಿಜ. ಕುಷ್ಟಗಿ, ಯಲಬುರ್ಗಾದ ಹಳ್ಳಿಗಳಿಂದ ಮಂಗಳೂರು, ಉಡುಪಿ ಕಡೆಗೆ ಕಟ್ಟಡ ಕೆಲಸಕ್ಕೆ ಹೋದ ಜನ ಎಷ್ಟೋ. ಮಳೆ ಕೈಕೊಟ್ಟ ವರ್ಷ ಮನೆಗೆ ಬೀಗ ಹಾಕಿ, ಮಕ್ಕಳನ್ನೂ ಕಟ್ಟಿಕೊಂಡು ರಾತ್ರಿ ಬಸ್ಸು ಹತ್ತಿದವರು. ಕರಾವಳಿಯ ಅಪಾರ್ಟ್‌ಮೆಂಟುಗಳಲ್ಲಿ ಅವರ ಬೆವರು ಐತಿ. 2020ರ ಲಾಕ್‌ಡೌನಿನಲ್ಲಿ ಅದೇ ಜನ ಗಂಟು ಹೊತ್ತು ವಾಪಸ್ ಬಂದದ್ದನ್ನು ನಾವೆಲ್ಲ ನೋಡಿದ್ದೇವೆ. ಎತ್ತಿನ ಬೆನ್ನ ಮೇಲಿನ ಮೂಟೆ ಲೆಕ್ಕ ಹಾಕಿದ ನನಗೆ ಇದು ಹೊಳೆದೇ ಇರಲಿಲ್ಲ ನೋಡ್ರಿ.

ಮರುದಿನ ಅವರ ಮನೆಗೆ ಹೋದೆ. "ಕಾಕಾ, ಹನ್ನೊಂದು ವರ್ಷ ಮಂಗಳೂರಾಗ ಇದ್ರಿ, ಸಮುದ್ರ ಹೆಂಗೈತ್ರಿ?" ಅಂತ ಕೇಳಿದೆ.

"ಸ್ಲ್ಯಾಬ್ ಹಾಕೂಮುಂದ ಮ್ಯಾಲಿಂದ ಕಾಣತಿತ್ತಪಾ. ಹತ್ರ ಹೋಗಿದ್ದಿಲ್ಲ. ಐತವಾರ ಸಂತಿ, ಬಟ್ಟಿ ಒಗಿಯೋದು, ಅದರಾಗ ಮುಗೀತಿತ್ತು."

ಹಂಗಾಗಿ ಪ್ಲ್ಯಾನ್ ಬದಲಾಯ್ತು. ಮಳೆಗಾಲ ಬೇಡ ಅಂತ ಮೊದಲೇ ಠರಾವು ಆಗಿತ್ತು. 2024ರ ಜುಲೈ 16ಕ್ಕೆ ಅಂಕೋಲಾ ಹತ್ತಿರದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಪಕ್ಕದ ಚಹಾ ಅಂಗಡಿಯನ್ನೇ ನುಂಗಿದ್ದು ಮರೆಯೋ ಹಂಗಿಲ್ಲ. ಡಿಸೆಂಬರ್‌ನಲ್ಲಿ ಹೊರಡ್ತೇವೆ. ಮೊದಲ ರಾತ್ರಿ ಕುಮಟಾ. ಎರಡನೇ ದಿನ ಹೊನ್ನಾವರದಲ್ಲಿ ಶರಾವತಿ ಕಡಲು ಸೇರೋ ಜಾಗ, ಸಂಜೆಗೆ ಭಟ್ಕಳ. ಉಡುಪಿಯಲ್ಲಿ ಊಟಕ್ಕಷ್ಟೇ. ಉಳಿದ ಹೊತ್ತೆಲ್ಲ ಮಂಗಳೂರು, ಯಾಕಂದ್ರೆ ಕಾಕಾ ತಾನು ಕೆಲಸ ಮಾಡಿದ ಬಿಲ್ಡಿಂಗುಗಳನ್ನು ತೋರಿಸ್ತೇನಿ ಅಂದಾರ. ಗೋವಾ ಕ್ಯಾನ್ಸಲ್. ಗಂಗಾವತಿಯವನು ಎರಡು ದಿನ ಸಿಟ್ಟಾಗಿದ್ದ, ಈಗ ಸರಿಯಾಗ್ಯಾನ.

ಕಾರಿನಾಗ ಈಗ ಐದು ಮಂದಿ. ಮುಂದಿನ ಸೀಟು ಕಾಕಾಗ.