ಶನಿವಾರದ ಕೂಲಿಗಾಗಿ ಇಬ್ಭಾಗವಾದ ಆಟ

ಇಂಗ್ಲೆಂಡಿನ ಹಡರ್ಸ್‌ಫೀಲ್ಡ್ ರೈಲು ನಿಲ್ದಾಣದಿಂದ ಹೊರಬಿದ್ದರೆ ಕೂಗಳತೆಯಲ್ಲೇ ಜಾರ್ಜ್ ಹೋಟೆಲ್. 1895ರ ಆಗಸ್ಟ್ 29ರ ಸಂಜೆ ಉತ್ತರ ಇಂಗ್ಲೆಂಡಿನ ರಗ್ಬಿ ಕ್ಲಬ್ಬುಗಳ ಪ್ರತಿನಿಧಿಗಳು ಅಲ್ಲಿ ಸೇರಿ, ಲಂಡನ್ನಿನ ರಗ್ಬಿ ಫುಟ್‌ಬಾಲ್ ಯೂನಿಯನ್‌ಗೆ ವಿದಾಯ ಹೇಳಿ, 'ನಾರ್ದರ್ನ್ ಯೂನಿಯನ್' ಎಂಬ ತಮ್ಮದೇ ಸಂಘ ಕಟ್ಟಿಕೊಂಡರು. ಮುಂದೆ ರಗ್ಬಿ ಲೀಗ್ ಎಂದು ಹೆಸರಾದ ಆಟ ಹುಟ್ಟಿದ್ದು ಹೀಗೆ.

ಜಗಳ ಆಟದ ನಿಯಮದ್ದಲ್ಲ, ಕೂಲಿಯದು. ಯಾರ್ಕ್‌ಶೈರ್, ಲ್ಯಾಂಕಶೈರ್‌ಗಳ ಆಟಗಾರರಲ್ಲಿ ಅನೇಕರು ಕಲ್ಲಿದ್ದಲ ಗಣಿಗೋ ಬಟ್ಟೆ ಗಿರಣಿಗೋ ಇಳಿಯುವವರು. ಶನಿವಾರವೂ ಅವರಿಗೆ ಅರ್ಧ ದಿನ ಕೆಲಸ. ಪರ ಊರಲ್ಲಿ ಪಂದ್ಯವಿದ್ದರೆ ಬೆಳಿಗ್ಗೆಯೇ ರೈಲು ಹತ್ತಬೇಕು, ಆ ದಿನದ ಸಂಬಳ ಖೋತಾ. ಕಳೆದುಕೊಂಡ ಆ ಕೂಲಿಯನ್ನಾದರೂ ಕ್ಲಬ್ಬು ತುಂಬಿಕೊಡಲಿ ಎಂದು ಉತ್ತರದವರು 1893ರಲ್ಲಿ ಲಂಡನ್ನಿನ ಮಹಾಸಭೆಯ ಮುಂದೆ ಪ್ರಸ್ತಾಪ ಇಟ್ಟರು. 282ಕ್ಕೆ 136 ಮತಗಳಿಂದ ಅದು ಬಿದ್ದುಹೋಯಿತು. ದುಬಾರಿ ಖಾಸಗಿ ಶಾಲೆಗಳಲ್ಲಿ ಓದಿ, ಹೊಟ್ಟೆಪಾಡಿನ ಚಿಂತೆಯಿಲ್ಲದೆ ಆಡುತ್ತಿದ್ದ ದೊಡ್ಡಮನುಷ್ಯರ ಪಾಲಿಗೆ, ದುಡ್ಡು ಸೋಕಿದರೆ ಆಟವೇ ಮೈಲಿಗೆ.

ಹಾಗೆಂದು ಹೊಸ ಸಂಘವೇನೂ ಥೈಲಿ ಬಿಚ್ಚಿ ಕೂರಲಿಲ್ಲ. ಮೊದಲು ಒಪ್ಪಿದ್ದು ದಿನಕ್ಕೆ ಆರು ಶಿಲಿಂಗ್ ಮಾತ್ರ. 1898ರಲ್ಲಿ ಸಂಭಾವನೆಗೆ ಪೂರ್ತಿ ಅನುಮತಿ ಸಿಕ್ಕಿತಾದರೂ ಜೊತೆಗೊಂದು ಕಟ್ಟಳೆ ಬಂತು: ಆಡುವವನಿಗೆ ಬೇರೆ ಮರ್ಯಾದಸ್ಥ ನೌಕರಿ ಇರಲೇಬೇಕು. ಬಿಲಿಯರ್ಡ್ಸ್ ಮೇಜಿನ ಬಳಿ ಅಂಕ ಬರೆಯುವುದು, ಹೆಂಡದಂಗಡಿಯಲ್ಲಿ ಗಿರಾಕಿಗಳಿಗೆ ಬಡಿಸುವುದು ಈ ಲೆಕ್ಕಕ್ಕೆ ಬರುತ್ತಿರಲಿಲ್ಲ. ಗಣಿಯಲ್ಲಿ ಕೆಲಸ ಹೋದವನಿಗೆ ಮೈದಾನವೂ ಮುಚ್ಚಿದಂತೆಯೇ. ಈ ಕಟ್ಟಳೆ ತೊಲಗಲು 1905 ಬರಬೇಕಾಯಿತು.

ಆಟಗಾರನ ಸಂಬಳ ಹುಟ್ಟುವುದು ಪ್ರೇಕ್ಷಕರ ಟಿಕೆಟ್ಟಿನಿಂದ. ಅವರು ಬೇಸರಪಟ್ಟು ಬರುವುದನ್ನು ಬಿಟ್ಟರೆ ಕ್ಲಬ್ಬು ಮುಳುಗೀತು. ಹಾಗಾಗಿ ಆಟವನ್ನೇ ತಿದ್ದಿದರು. ಚೆಂಡು ಪಕ್ಕದ ಗೆರೆ ದಾಟಿದಾಗ ಎರಡು ಸಾಲಾಗಿ ನಿಂತು ಅದಕ್ಕಾಗಿ ಸೆಣಸುವ ಲೈನ್‌ಔಟ್ 1897ರಲ್ಲಿ ಹೋಯಿತು. 1906ರಲ್ಲಿ ತಂಡದ ಹದಿನೈದು ಮಂದಿ ಹದಿಮೂರಾದರು. ಎದುರಾಳಿ ಹಿಡಿದು ಕೆಡವಿದ ಮೇಲೆ ಚೆಂಡು ಹೊತ್ತಿದ್ದ ಆಟಗಾರ ಎದ್ದು ನಿಂತು ಚೆಂಡನ್ನು ಕಾಲಿನಿಂದ ಹಿಂದಕ್ಕೆ ದಾಟಿಸುವ ಪದ್ಧತಿ ಬಂತು. ಗುಂಪುಗೂಡಿ ತಳ್ಳಾಡುವುದು ಕಡಿಮೆಯಾಗಿ ಓಟ ಹೆಚ್ಚಿತು.

ಅದೇ 1906ರಲ್ಲಿ ಹದಿನೈದು ವರ್ಷದ ಹುಡುಗನೊಬ್ಬ ಹಡರ್ಸ್‌ಫೀಲ್ಡ್ ಕ್ಲಬ್ಬು ಸೇರಿದ. ಹೆಸರು ಹೆರಾಲ್ಡ್ ವ್ಯಾಗ್‌ಸ್ಟಾಫ್. 1914ರ ಜುಲೈ 4ರಂದು ಸಿಡ್ನಿಯಲ್ಲಿ ಆಸ್ಟ್ರೇಲಿಯಾ ವಿರುದ್ಧ ಬ್ರಿಟಿಷ್ ತಂಡದ ನಾಯಕನಾಗಿ ನಿಂತಾಗ ಅವನಿಗೆ ಇಪ್ಪತ್ಮೂರು. ಎಂಟು ದಿನದಲ್ಲಿ ಅದು ಮೂರನೇ ಟೆಸ್ಟ್. ತಂಡದವರು ಒಲ್ಲೆವೆಂದರೂ ಕೇಳದೆ ತವರಿನ ಅಧಿಕಾರಿಗಳು ಆಡಲೇಬೇಕೆಂದು ತಂತಿ ಕಳಿಸಿದ್ದರು. ಆಗ ಬದಲಿ ಆಟಗಾರರನ್ನು ಇಳಿಸುವ ಪದ್ಧತಿ ಇರಲಿಲ್ಲ. ಒಬ್ಬನಿಗೆ ಕಾಲು ಉಳುಕಿತು, ಇನ್ನೊಬ್ಬನಿಗೆ ತಲೆಗೆ ಪೆಟ್ಟಾಯಿತು. ಡಗ್ಲಸ್ ಕ್ಲಾರ್ಕ್ ಮುರಿದ ಹೆಬ್ಬೆರಳಿಗೆ ಪಟ್ಟಿ ಸುತ್ತಿಕೊಂಡು ಆಡುತ್ತಲೇ ಕೊರಳೆಲುಬನ್ನೂ ಮುರಿದುಕೊಂಡ. ಒಂದು ಹಂತದಲ್ಲಿ ಹತ್ತೇ ಮಂದಿ ಉಳಿದರೂ ಬ್ರಿಟನ್ 14–6ರಿಂದ ಗೆದ್ದಿತು. 1879ರ ಜುಲು ಯುದ್ಧದಲ್ಲಿ ಕೆಲವೇ ಬ್ರಿಟಿಷ್ ಸೈನಿಕರು ದೊಡ್ಡ ಪಡೆಯನ್ನು ತಡೆದು ನಿಂತ ಕಾಳಗವನ್ನು ನೆನೆದು ಆ ಪಂದ್ಯಕ್ಕೆ 'ರೋರ್ಕ್ಸ್ ಡ್ರಿಫ್ಟ್' ಎಂದೇ ಹೆಸರಿಟ್ಟರು. ಆಟ ಮುಗಿಸಿದ ಮೇಲೆ ವ್ಯಾಗ್‌ಸ್ಟಾಫ್ ಹಡರ್ಸ್‌ಫೀಲ್ಡಿನಲ್ಲಿ ಪಬ್ ನಡೆಸಿದ. ಒಂದು ಕಾಲಕ್ಕೆ ಆಟಗಾರನಿಗೆ ಸಲ್ಲದೆಂದಿದ್ದ ಹೆಂಡದ ವ್ಯಾಪಾರವೇ ಹೆಸರು ಮಾಡಿದವರಿಗೆ ನಿವೃತ್ತಿಯ ದಾರಿಯಾಗತೊಡಗಿತ್ತು.

ಹಳೆಯ ಯೂನಿಯನ್ನಿನ ಸಿಟ್ಟು ಮಾತ್ರ ಇಳಿಯಲಿಲ್ಲ. ಲೀಗ್ ಸೇರಿ ದುಡ್ಡು ಮುಟ್ಟಿದವನಿಗೆ ಯೂನಿಯನ್ ಆಟದಿಂದ ಜೀವಮಾನದ ಬಹಿಷ್ಕಾರ. ಇದರ ಬಿಸಿ ಹೆಚ್ಚು ತಟ್ಟಿದ್ದು ವೇಲ್ಸ್ ನಾಡಿಗೆ. ಅಲ್ಲಿ ಯೂನಿಯನ್ ರಗ್ಬಿ ಬಡವ ಬಲ್ಲಿದರೆನ್ನದೆ ಎಲ್ಲರ ಆಟ. ಗಣಿ ಮುಚ್ಚಿ ಮನೆಯಲ್ಲಿ ಒಲೆ ಉರಿಯದಾದಾಗ ಅದೆಷ್ಟೋ ಹುಡುಗರು ತಿರುಗಿ ಬರುವ ಹಾಗಿಲ್ಲವೆಂದು ತಿಳಿದೇ ಉತ್ತರಕ್ಕೆ ಹೊರಟರು.

ಕಾರ್ಡಿಫ್ ಬಂದರಿನ ಟೈಗರ್ ಬೇಯಲ್ಲಿ 1934ರಲ್ಲಿ ಹುಟ್ಟಿದ ಬಿಲ್ಲಿ ಬಾಸ್ಟನ್‌ಗೆ ವೇಲ್ಸ್ ಪರ ಆಡುವ ಹಂಬಲವಿತ್ತು. 1953ರಲ್ಲಿ ವಿಗನ್ ಕ್ಲಬ್ಬಿನವರು ಮನೆಗೇ ಬಂದು ಮೇಜಿನ ಮೇಲೆ ಸಾವಿರ ಪೌಂಡಿನ ನೋಟು ಹರಡಿದರು. ಅವರನ್ನು ಸಾಗಹಾಕಲೆಂದೇ ತಾಯಿ ಮೂರು ಸಾವಿರ ಕೇಳಿದರಂತೆ. ಬಂದವರು ಸರಿ ಎಂದುಬಿಟ್ಟರು. ಮರುವರ್ಷವೇ ಬ್ರಿಟಿಷ್ ತಂಡದ ಪ್ರವಾಸಕ್ಕೆ ಆಯ್ಕೆಯಾದ ಮೊದಲ ಕಪ್ಪು ಆಟಗಾರ ಎನಿಸಿ ಅವರು ಹದಿನೆಂಟು ಪಂದ್ಯಗಳಲ್ಲಿ 36 ಟ್ರೈ (ಎದುರಾಳಿಯ ಗೆರೆಯಾಚೆ ಚೆಂಡನ್ನು ನೆಲಕ್ಕೂರಿ ಅಂಕ ಗಳಿಸುವುದು) ಹೊಡೆದರು. 1957ರಲ್ಲಿ ಆಸ್ಟ್ರೇಲಿಯಾದಿಂದ ಮರಳುತ್ತಾ ತಂಡ ದಕ್ಷಿಣ ಆಫ್ರಿಕಾದಲ್ಲಿ ಪ್ರದರ್ಶನ ಪಂದ್ಯ ಆಡಲು ಹೊರಟಾಗ, ಅಲ್ಲಿನ ವರ್ಣಭೇದದಿಂದಾಗಿ ಬಾಸ್ಟನ್ ಒಬ್ಬರೇ ಬೇರೆ ದಾರಿಯಲ್ಲಿ ಊರಿಗೆ ವಾಪಸಾದರು. ವಿಗನ್ ಪರ ಅವರದು ಒಟ್ಟು 478 ಟ್ರೈ. ಮುಂದೆ ಅವರೂ ವಿಗನ್‌ನಲ್ಲಿ ಪಬ್ ನಡೆಸಿದರು.

ಕಾರ್ಡಿಫ್‌ನಿಂದ ಬಂದ ಮತ್ತೊಬ್ಬರು ಕ್ಲೈವ್ ಸಲಿವನ್. 1972ರಲ್ಲಿ ಬ್ರಿಟಿಷ್ ತಂಡದ ಮೊದಲ ಕಪ್ಪು ನಾಯಕರಾಗಿ, ಫ್ರಾನ್ಸಿನ ಲಿಯೋನ್ ನಗರದಲ್ಲಿ ವಿಶ್ವಕಪ್ ಎತ್ತಿದರು. ಆಸ್ಟ್ರೇಲಿಯಾ ಎದುರಿನ ಆ ಫೈನಲ್ 10–10ರಲ್ಲಿ ಸಮವಾಗಿತ್ತು. ಲೀಗ್ ಹಂತದ ಸಾಧನೆಯ ಮೇಲೆ ಕಪ್ ಬ್ರಿಟನ್ನಿಗೆ ಸಂದಿತು. ಹಲ್ ನಗರದ ಎರಡು ಬದ್ಧವೈರಿ ಕ್ಲಬ್ಬುಗಳಿಗೂ ಆಡಿ, ಎರಡೂ ಕಡೆಯವರಿಗೆ ಬೇಕಾದವರಾಗಿದ್ದ ಅವರು 1985ರಲ್ಲಿ ಕ್ಯಾನ್ಸರಿನಿಂದ ತೀರಿಕೊಂಡಾಗ ವಯಸ್ಸು 42. ಊರು ಹೊಗುವ ಹೆದ್ದಾರಿಗೆ ಹಲ್‌ನವರು ಅವರ ಹೆಸರಿಟ್ಟಿದ್ದಾರೆ.

ಆ ತನಕವೂ ಬಹುಪಾಲು ಆಟಗಾರರು ಹಗಲು ದುಡಿದು ಸಂಜೆ ಅಭ್ಯಾಸಕ್ಕೆ ಬರುವವರೇ. ಗೆದ್ದ ದಿನ ಹೆಚ್ಚು ಹಣ, ಸೋತರೆ ಕಡಿಮೆ. ಆಟವನ್ನೇ ಪೂರ್ಣಾವಧಿಯ ಕಸುಬಾಗಿಸಲು ಮುಂದಾದದ್ದು ಎಂಬತ್ತರ ದಶಕದ ವಿಗನ್ ಕ್ಲಬ್ಬು. 1988ರಿಂದ 1995ರವರೆಗೆ ಸತತ ಎಂಟು ಸಲ ಅದು ಲೀಗ್‌ನ ನಾಕ್‌ಔಟ್ ಪಂದ್ಯಾವಳಿ ಚಾಲೆಂಜ್ ಕಪ್ ಗೆದ್ದಿತು. 1992ರಲ್ಲಿ ಆಟಗಾರ ಮಾರ್ಟಿನ್ ಒಫಿಯಾ ಅವರನ್ನು ವಿಡ್ನೆಸ್ ಕ್ಲಬ್ಬಿನಿಂದ ಕರೆತರಲು ವಿಗನ್ ತೆತ್ತದ್ದು 4,40,000 ಪೌಂಡ್. 1995ರಲ್ಲಿ ಮಾಧ್ಯಮ ಉದ್ಯಮಿ ರೂಪರ್ಟ್ ಮರ್ಡಾಕ್ ಅವರ ಟಿವಿ ಹಣ ಹರಿದುಬಂದು ಸೂಪರ್ ಲೀಗ್ ಎಂಬ ಹೊಸ ಪಂದ್ಯಾವಳಿ ರೂಪುಗೊಂಡಿತು. ಚಳಿಗಾಲದ ಆಟ ಮರುವರ್ಷದಿಂದ ಬೇಸಿಗೆಗೆ ಬಂತು.

ಜಾರ್ಜ್ ಹೋಟೆಲಿನ ಸಭೆಗೆ ನೂರು ತುಂಬಲು ಇನ್ನೆರಡೋ ಮೂರೋ ದಿನವಿರುವಾಗ, 1995ರ ಆಗಸ್ಟ್ ಕೊನೆಯಲ್ಲಿ, ಯೂನಿಯನ್ ರಗ್ಬಿಯ ಅಂತರರಾಷ್ಟ್ರೀಯ ಮಂಡಳಿ ಪ್ಯಾರಿಸ್‌ನಲ್ಲಿ ಸೇರಿ ತನ್ನ ಆಟಗಾರರೂ ಸಂಬಳ ಪಡೆಯಬಹುದೆಂದು ಸಾರಿತು. 1989ರಲ್ಲಿ ವಿಡ್ನೆಸ್ ಸೇರಿ ಬಹಿಷ್ಕಾರಕ್ಕೆ ಗುರಿಯಾಗಿದ್ದ ವೇಲ್ಸ್‌ನ ಆಟಗಾರ ಜೊನಾಥನ್ ಡೇವಿಸ್ 1995ರಲ್ಲೇ ಯೂನಿಯನ್ ಆಟಕ್ಕೆ ಮರಳಿ ಕಾರ್ಡಿಫ್ ಪರ ಆಡಿದರು. 1996ರ ಮೇ ತಿಂಗಳಲ್ಲಿ ವಿಗನ್ ಮತ್ತು ಯೂನಿಯನ್ನಿನ ಬಾತ್ ತಂಡ ಮುಖಾಮುಖಿಯಾದವು. ಲೀಗ್ ನಿಯಮದ ಪಂದ್ಯವನ್ನು ವಿಗನ್ 82–6ರಿಂದ, ಯೂನಿಯನ್ ನಿಯಮದ್ದನ್ನು ಬಾತ್ 44–19ರಿಂದ ಗೆದ್ದವು.

ರಾಜಮನೆತನದ ಮನ್ನಣೆಗೆ ಮಾತ್ರ ಇನ್ನೂ ಮೂರು ದಶಕ ಕಾಯಬೇಕಾಯಿತು. ರಗ್ಬಿ ಲೀಗ್ ಆಟಕ್ಕಾಗಿ ಯಾವ ಆಟಗಾರನಿಗೂ ಅದುವರೆಗೆ 'ಸರ್' ಪದವಿ ಸಿಕ್ಕಿರಲಿಲ್ಲ. 2025ರ ಜೂನ್‌ನಲ್ಲಿ ಅದನ್ನು ಮೊದಲು ಪಡೆದವರು ಬಿಲ್ಲಿ ಬಾಸ್ಟನ್. ಆಗ ಅವರಿಗೆ ತೊಂಬತ್ತು ವರ್ಷ.