ಕೃಷ್ಣೆ ಬೆಳ್ಳಗಾದ ಬಗೆ



ದ್ರೌಪದಿಗೆ ಕೃಷ್ಣೆಯೆಂಬ ಹೆಸರುಂಟೆಂಬುದನ್ನು ತಾವು ಬಲ್ಲಿರಿ. ಮೈಬಣ್ಣ ಕಪ್ಪಾದ್ದರಿಂದ ಆ ಹೆಸರು ಬಂದಿತೆಂದು ನಾನು ತರಗತಿಯಲ್ಲಿ ವರ್ಷವರ್ಷವೂ ಹೇಳುತ್ತ ಬಂದವನು. ಆದರೆ ಇಪ್ಪತ್ತು ವರ್ಷಗಳ ಹಿಂದೆ ಶಾಲೆಯ ನಾಟಕಕ್ಕೆ ದ್ರೌಪದಿಯನ್ನು ಆರಿಸುವ ಹೊತ್ತು ಬಂದಾಗ, ಮಾತು ತಡವರಿಸುತ್ತಿದ್ದ ಬೆಳ್ಳನೆಯ ಹುಡುಗಿಗೆ ಪಾತ್ರ ಕೊಟ್ಟೆ. ಕಂಚಿನ ಕಂಠದ ಕಪ್ಪು ಹುಡುಗಿಯನ್ನು ಪರದೆಯ ಹಿಂದೆ ನಿಲ್ಲಿಸಿ, ಮರೆತ ಮಾತು ನೆನಪಿಸುವ ಕೆಲಸಕ್ಕೆ ಹಚ್ಚಿದೆ. ಊರವರಾರೂ ಆಕ್ಷೇಪಿಸಲಿಲ್ಲ, ಆ ಹುಡುಗಿಯೂ ಆಕ್ಷೇಪಿಸಲಿಲ್ಲ. ಅದೇ ಇಂದಿಗೂ ನನ್ನನ್ನು ಚುಚ್ಚುತ್ತದೆ.

ಈ ಬೆಳ್ಳನೆಯ ದ್ರೌಪದಿ ನನ್ನ ತಲೆಯೊಳಗೆ ಹೊಕ್ಕುದು ಎಲ್ಲಿಂದ? ವ್ಯಾಸರಿಂದಂತೂ ಅಲ್ಲ. ನಮ್ಮ ಹಳೆಯ ಕವಿಗಳೂ ಹೆಣ್ಣನ್ನು ಅಡಿಯಿಂದ ಮುಡಿಯವರೆಗೆ ಪುಟಗಟ್ಟಲೆ ವರ್ಣಿಸಿದ್ದಾರೆ. (ಪರೀಕ್ಷೆಗೆಂದು ಬಾಯಿಪಾಠ ಮಾಡಿದ ನಮಗೆ ಅದರ ಆಯಾಸ ಗೊತ್ತು.) ಅದೂ ಒಂದು ಅಳತೆಯೇ, ಗಂಡಸರು ಮಾಡಿದ ಅಳತೆ. ಆದರೂ ಚಂದ್ರಮುಖಿ ಎಂದಾಗ ಕೇಳುವವನು ತಾನು ಬಲ್ಲ ಮುಖವೊಂದನ್ನು ಅಲ್ಲಿ ಇಟ್ಟುಕೊಳ್ಳಬಹುದಿತ್ತು. ಮಾತು ಅಷ್ಟು ಎಡೆ ಬಿಡುತ್ತದೆ. ಅಚ್ಚಿನ ಚಿತ್ರ ಬಿಡುವುದಿಲ್ಲ.

1894ರಲ್ಲಿ ರಾಜಾ ರವಿವರ್ಮರು ಮುಂಬಯಿಯಲ್ಲಿ ಬಣ್ಣದ ಕಲ್ಲಚ್ಚಿನ ಮುದ್ರಣಾಲಯ ತೆರೆದರು. ಕೆಲಸಕ್ಕೆ ಜರ್ಮನಿಯ ಕುಶಲಿಗರು ಬಂದರು. ಅರಮನೆಗಳ ಗೋಡೆಯ ಮೇಲಿದ್ದಂಥ ಲಕ್ಷ್ಮಿ, ಸರಸ್ವತಿಯರು ಬಡವರ ದೇವರ ಜಗಲಿಗೂ ಇಳಿದರು. ಅದು ಉಪಕಾರವೇ ಸರಿ, ಇಲ್ಲವೆನ್ನಲಾರೆ. ಆದರೆ ಒಂದು ಅಚ್ಚಿನಿಂದ ಸಾವಿರ ಪ್ರತಿ ಹೊರಟಮೇಲೆ ಸಾವಿರ ಮನೆಗೂ ಒಂದೇ ಮುಖ, ಒಂದೇ ಮೈಬಣ್ಣ. ಅರಿಸಿನ ಬಳಿದ ಕಲ್ಲನ್ನೇ ದೇವಿಯೆಂದು ನಂಬಬಲ್ಲ ನಮ್ಮ ದೋರನಹಳ್ಳಿಯಂಥ ಊರುಗಳಲ್ಲೂ, ಚೆಲುವೆಂದರೆ ಹೀಗಿರಬೇಕೆಂಬ ನಿಯಮ ಕ್ಯಾಲೆಂಡರಿನ ಮೊಳೆಗೆ ತೂಗಾಡಿತು.

ಮುಂದೆ ಸಿನಿಮಾ ಬಂತು, ಸಾಬೂನಿನ ಜಾಹೀರಾತು ಬಂತು. 1975ರಲ್ಲಿ ‘ಫೇರ್ ಅಂಡ್ ಲವ್ಲಿ’ ಕ್ರೀಮು ಅಂಗಡಿಗೆ ಬಂದಿತು. 1994ರಲ್ಲಿ ಸುಷ್ಮಿತಾ ಸೇನ್ ಭುವನಸುಂದರಿಯಾದರು. ಮಂಗಳೂರಿನಲ್ಲಿ ಹುಟ್ಟಿದ ಐಶ್ವರ್ಯಾ ರೈ ವಿಶ್ವಸುಂದರಿಯಾದರು. ಎರಡೇ ವರ್ಷಕ್ಕೆ ವಿಶ್ವಸುಂದರಿ ಸ್ಪರ್ಧೆ ನಮ್ಮ ಬೆಂಗಳೂರಿಗೇ ಬಂತು: 1996ರ ನವೆಂಬರ್ 23, ಚಿನ್ನಸ್ವಾಮಿ ಕ್ರೀಡಾಂಗಣ. ನಡೆಸಿದ್ದು ಅಮಿತಾಭ್ ಬಚ್ಚನ್ ಅವರ ಕಂಪನಿ. ರೈತಸಂಘದವರೂ ಮಹಿಳಾ ಸಂಘಟನೆಗಳವರೂ ಬೀದಿಗಿಳಿದರು. ಈಜುಡುಗೆಯ ಸುತ್ತನ್ನು ಸೀಶೆಲ್ಸ್ ದ್ವೀಪಗಳಿಗೆ ಸಾಗಿಸಲಾಯಿತು. ಗೆದ್ದವರು ಗ್ರೀಸ್ ದೇಶದ ಐರೀನ್ ಸ್ಕ್ಲೀವಾ.

ವಿರೋಧಿಸಿದವರಲ್ಲಿ ಸಂಸ್ಕೃತಿ ಕೆಟ್ಟಿತೆಂದವರು ಕೆಲವರು. ಇದು ಸೌಂದರ್ಯಸಾಮಗ್ರಿ ಮಾರುವ ಸಂತೆಯೆಂದವರು ಕೆಲವರು. ಎರಡನೆಯವರ ಮಾತಿಗೇ ತೂಕ ಹೆಚ್ಚೆಂದು ನನ್ನ ಎಣಿಕೆ. ಈಜುಡುಗೆ ಸಮುದ್ರ ದಾಟಿ ಹೋಯಿತು. ಅಳತೆಯ ಟೇಪು ಇಲ್ಲಿಯೇ ಉಳಿಯಿತು. 2020ರಲ್ಲಿ ಆ ಕ್ರೀಮಿನ ಡಬ್ಬಿಯಿಂದ ‘ಫೇರ್’ ಪದ ಹೋಗಿ ‘ಗ್ಲೋ’ ಬಂತು. ಹೆಣ್ಣು ನೋಡಲು ಬರುವವರು ಕೇಳುವ ಮೊದಲ ಪ್ರಶ್ನೆ ಬದಲಾದುದನ್ನು ನಾನಂತೂ ಕಂಡಿಲ್ಲ. ನನ್ನ ವಿದ್ಯಾರ್ಥಿನಿಯರ ಮೊಬೈಲು ಈಗ ಕೇಳದೆಯೇ ಅವರ ಮುಖವನ್ನು ಬೆಳ್ಳಗೆ ಮಾಡಿ ತೋರಿಸುತ್ತದೆ.

ಈ ವರ್ಷ ಮತ್ತೆ ಅದೇ ನಾಟಕ ಎತ್ತಿಕೊಂಡೆವು. ರೇಡಿಯೋ ನಾಟಕ ಕೇಳುವವನಂತೆ ನಾನು ಗೋಡೆಯ ಕಡೆ ಮುಖಮಾಡಿ ಕುಳಿತು, ಹುಡುಗಿಯರಿಂದ ಸಭಾಪರ್ವದ ಮಾತುಗಳನ್ನು ಓದಿಸಿದೆ. ಒಂದು ದನಿ ಕೇಳಿ ‘ಇವಳೇ’ ಎಂದೆ. ತಿರುಗಿ ನೋಡಿದರೆ, ಕೃಷ್ಣೆಯೆಂಬ ಹೆಸರಿಗೆ ತಕ್ಕ ಬಣ್ಣ.

ಮರುದಿನ ಅವಳ ತಾಯಿ ಶಾಲೆಗೆ ಬಂದು ಬಾಗಿಲಲ್ಲೇ ನಿಂತಳು. ‘ಸರ, ಮಾರಿಗೆ ಪೌಡರ್ ಎಷ್ಟು ಹಚ್ಚಬೇಕ್ರೀ?’

‘ಏನೂ ಬ್ಯಾಡವ್ವಾ, ಹಾಂಗೇ ಕಳಿಸು’ ಎಂದೆ.

ಆಕೆ ತಲೆಯಾಡಿಸಿದಳು. ನಾಟಕದ ರಾತ್ರಿ ನೋಡಿದರೆ ಡಬ್ಬಿಯನ್ನು ಸೆರಗಿನಲ್ಲಿ ಕಟ್ಟಿಕೊಂಡೇ ಬಂದಿದ್ದಳು.